ಮಗ್ಗದ ಸದ್ದು ಕೇಳುವ ಕೋಳಿಗಳು

ಸೆಲ್ವಂ,

ನಾನು ತಾರಮಂಗಲಂ ಬಸ್ಸಿಗೆ ಓಗ್ತಿದೀನಿ. ಎಡಪ್ಪಾಡಿಯಿಂದ ತಂದ ಹೊಸ ಕೋಳಿಗಳು ಬಲೆಗೂಡಲ್ಲೇ ಇರಲಿ. ಹಳೇವು ಆಚೆಯಿಂದ ನೋಡಿ ನೋಡಿ ಪಳಗಬೇಕು. ನಿನ್ನೆ ನೀನು ಗೂಡಿನ ಬಾಗಿಲು ತೆಗೆದು, ಹೊಸ ಬಿಳಿ ಕೋಳಿ ತಲೆ ಹಳೇವುಗಳ ಕೈಲಿ ಕುಕ್ಕಿಸಿದ್ದು ಸಾಕು ಲೇ.

ಒಂದು ವಿಚಿತ್ರ ಐತೆ. ನಾನು ಮಗ್ಗ ತುಳಿಯುವಾಗ ಹೊಸವು ಬಲೆ ಹತ್ತಿರ ಬಂದು ಹಳೇವುಗಳ ಪಕ್ಕ ಕೂರ್ತವೆ. ನಿಲ್ಲಿಸಿದರೆ ಮೂಲೆ ಸೇರ್ತವೆ. ನೇಕಾರರ ಮನೇಲಿ ಬೆಳೆದವು, ಆ ಸದ್ದು ಬೇಕೇನೋ. ಯಾರು ತುಳಿದರೂ ಬರ್ತವಾ, ನಾನೇ ತುಳೀಬೇಕಾ, ಗೊತ್ತಾಗಬೇಕು.

ಮಧ್ಯಾಹ್ನ ನೀನು ಸ್ವಲ್ಪ ತುಳಿದು ನೋಡು. ನೀನು ಅಪ್ಪನ ಜೊತೆ ಜಗಳ ಆಡಿ ಮಗ್ಗ ಮುಟ್ಟಲ್ಲ ಅಂದಿದ್ದು ನೆನಪೈತೆ. ಸೀರೆ ನೇಯಬೇಡ, ಸದ್ದು ಬಂದರೆ ಸಾಕು.

ಒಳಗಿಂದ ಅಪ್ಪ "ಯಾರು ತುಳೀತಿರೋದು" ಅಂದರೆ, ಕೋಳಿಗೋಸ್ಕರ ಅನ್ನು.

ಪಾಪಾತಿ ಅಕ್ಕ