ಎಲ್ಲ ಫೋಟೊಗಳಲ್ಲೂ ದೊಡ್ಡಮ್ಮ

ದೊಡ್ಡಮ್ಮನವರಿಗೆ ದೂರದಿಂದಲೇ ನಮಸ್ಕಾರ.

ಅಂತೂ ಇಂತೂ ಈ ದೇಶದೊಳಗೆ ಬಂದು ಬಿದ್ದೆವು. ನಮ್ಮವರ ಪಾಸ್‌ಪೋರ್ಟ್ ಈ ದೇಶದ್ದೇ ಅಲ್ಲವೇ, ಅದರ ರಟ್ಟು ನೋಡಿಯೇ ಅಧಿಕಾರಿಗಳು ಮನೆಗೆ ಬಂದ ಅಳಿಯನಂತೆ ಒಳಗೆ ಬಿಟ್ಟರು. ನನ್ನದು ಹೆಂಡತಿಯೆಂದು ಪಡೆದ ವೀಸಾ, ಹಾಗಾಗಿ ಮದುವೆಯಾದದ್ದು ನಿಜವೆಂದು ತೋರಿಸಬೇಕಂತೆ. ಸರ್ಟಿಫಿಕೇಟ್ ಕೊಟ್ಟೆ.

“ಇದನ್ನ ಯಾರು ಬೇಕಾದ್ರೂ ಮಾಡಿಸ್ಕೋಬಹುದು. ಮದುವೆ ಫೋಟೊ ತೋರ್ಸಿ” ಎಂದರು.

ಮೊಬೈಲಿನಲ್ಲಿದ್ದುದನ್ನೆಲ್ಲ ತೋರಿಸಿದೆ. ನಿಮ್ಮ ಕೃಪೆಯಿಂದ ಒಂದರಲ್ಲೂ ನಾವಿಬ್ಬರೇ ಇಲ್ಲ. ತಾಳಿ ಕಟ್ಟುವಾಗಲೂ ನಡುವೆ ನೀವೇ, ಜರಿ ಸೀರೆ ಉಟ್ಟು ಕ್ಯಾಮೆರಾ ನೋಡಿ ನಗುತ್ತಿದ್ದೀರಿ.

“ಮದುಮಗಳು ಇವ್ರಲ್ವಾ?” ಎಂದು ಮಹಾನುಭಾವರು ನಿಮ್ಮನ್ನೇ ತೋರಿಸಿದರು.

“ಅಯ್ಯೋ, ಅವ್ರು ನಮ್ ದೊಡ್ಡಮ್ಮ. ಎಲ್ಲಾ ಕಡೆ ಇರ್ತಾರೆ” ಎಂದೆ.

ಅವರು ಗಾಬರಿಯಿಂದ ನನ್ನ ಬೆನ್ನ ಹಿಂದೆ ಇಣುಕಿದರು. ನೀವು ಬಂದಿಲ್ಲವೆಂದು ಖಾತ್ರಿಯಾದ ಮೇಲೆಯೇ ಮುದ್ರೆ ಒತ್ತಿದ್ದು.

ನಿಂತೂ ನಿಂತೂ ಕಾಲು ಊದಿದೆ, ಉಳಿದಂತೆ ಆರೋಗ್ಯವಾಗಿದ್ದೇವೆ. ತಂಗಿಯ ಮದುವೆಯಲ್ಲಿ ಕ್ಯಾಮೆರಾ ನಿಮ್ಮ ಕೈಗೇ ಕೊಡಬೇಕೆಂದಿದ್ದೇವೆ. ನೀವಿಲ್ಲದ ಒಂದು ಫೋಟೊ ಸಿಗಲು ಬೇರೆ ದಾರಿ ತೋಚುತ್ತಿಲ್ಲ. ಈ ಅಂಚೆ ಕಾರ್ಡಿನಲ್ಲಿ ಬರೆಯಲು ಜಾಗ ಮುಗಿಯಿತು.

ಇಂತಿ,
ನಿಮ್ಮ ಭುಜದ ಹಿಂದೆ ಅರ್ಧ ಮುಖ ಕಾಣುವ ಮದುಮಗಳು