ತಮ್ಮ ಹೇಳಿದ ಮೇಲೆ ಹೂ ಕೇಳಲಿಲ್ಲ

ಕುರುಗೋಡು
೧೨ ಡಿಸೆಂಬರ್ ೨೦೨೫

ಪ್ರೀತಿಯ ಅಮರೇಶ,

ನಿನ್ನ ಎದೆಯುರಿ ಕಡಿಮೆಯಾಯಿತೇ? ಹೈದರಾಬಾದಿಗೆ ಹೋದರೂ ನೀನು ಮಿರ್ಚಿ ತಿನ್ನುವುದು ಬಿಟ್ಟಿರಲಾರೆ, ನನಗೆ ಗೊತ್ತಿಲ್ಲವೇ. ಸಿರುಗುಪ್ಪದಿಂದ ನನ್ನ ತಮ್ಮ ಹೊಸ ಅಕ್ಕಿ ಕಳಿಸಿದ್ದಾನೆ. ನಿನ್ನ ಪಾಲು ತೆಗೆದಿಡಲು ಕೈ ತಾನಾಗಿ ಹೋಯಿತು, ಆಮೇಲೆ ಸಿಟ್ಟು ಬಂತು. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಕರಗಿಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮಣ್ಣನ ಸ್ವಭಾವ ನಿನಗೆ ಗೊತ್ತು. ಎಮ್ಮೆ ಕೊಳ್ಳಬೇಕಾದರೂ ಗುಡಿಗೆ ಹೋಗಿ ದೇವರಲ್ಲಿ ಹೂ ಕೇಳುವವರು. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಬೇಡ. ಹೋದ ವರ್ಷ ಬಳ್ಳಾರಿಯ ಡಾಕ್ಟರು ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಇದೆ, ಆಪರೇಷನ್ ಮಾಡಿಸಿ ಅಂದಾಗ, ಅಲ್ಲಿ ಪರೀಕ್ಷೆಗೆಂದು ತೆಗೆದಿದ್ದ ಮಾಂಸದ ಚೂರನ್ನು ನೀನು ನಿನ್ನ ಲ್ಯಾಬಿಗೆ ತರಿಸಿಕೊಂಡು ಕಂಪ್ಯೂಟರಿಗೆ ತೋರಿಸಿದೆ. ಈ ರೋಗ ಹರಡುವುದಿಲ್ಲ ಎಂದು ಅದು ಹೇಳಿತಂತೆ. ನಮ್ಮ ಪಡಸಾಲೆಯಲ್ಲಿ ಕೂತು, "ಅಣ್ಣಾ, ಕೊಯ್ಸೂದು ಬ್ಯಾಡ. ಈ ಕಂಪ್ಯೂಟರ್ ನಮ್ಮಂಥ ಡಾಕ್ಟರಿಗಿಂತ ಚಲೋ ನೋಡತೈತಿ. ನಿಶ್ಚಿಂತಿ ಇರು" ಅಂದೆ. ಹೂವಾದರೂ ಕೇಳೋಣ, ಇನ್ನೊಬ್ಬ ಡಾಕ್ಟರಿಗಾದರೂ ತೋರಿಸೋಣ ಎಂದು ನಾನು ಗೋಗರೆದೆ. ಅವರು ರೇಗಿದರು. "ನನ್ನ ತಮ್ಮ ಹೇಳಿದ ಮ್ಯಾಲೆ ದೇವರನ್ನ ಕೇಳೂದು ಏನೈತಿ? ಅವನಿಗಿ ಅವಮಾನ ಮಾಡಬ್ಯಾಡ." ಜೀವಮಾನದಲ್ಲಿ ಅವರು ಹೂ ಕೇಳದೆ ತೀರ್ಮಾನಿಸಿದ್ದು ಅದೊಂದೇ.

ಹೋದ ವಾರ ಬೆನ್ನುನೋವೆಂದು ಬಳ್ಳಾರಿಗೆ ಕರೆದೊಯ್ದೆವು. ರೋಗ ಬೆನ್ನುಮೂಳೆಗೆ ಇಳಿದಿದೆ. ಇನ್ನು ಆಪರೇಷನ್‌ನಿಂದ ಉಪಯೋಗವಿಲ್ಲ, ಇಂಜೆಕ್ಷನ್ ಕೊಟ್ಟು ಆದಷ್ಟು ದಿನ ತಡೆಯುವುದಷ್ಟೇ. ಆಗಲೂ ನಿನ್ನನ್ನು ಬಯ್ಯಲಿಲ್ಲ, ಹಣೆಬರಹ ಅಂದುಕೊಂಡೆ. ಆದರೆ ಮಗಳು ಸೌಂದರ್ಯ ಮೊಬೈಲಿನಲ್ಲಿ ಡಾಕ್ಟರುಗಳ ಸಭೆಯಲ್ಲಿನ ನಿನ್ನದೊಂದು ಭಾಷಣ ಹುಡುಕಿ ತೋರಿಸಿದಳು. ನಮ್ಮ ಪಡಸಾಲೆಯಲ್ಲಿ ಕೂತು ಅಣ್ಣನಿಗೆ ಆ ಮಾತು ಹೇಳುವ ಮೊದಲೇ ಮಾಡಿದ್ದು. ಕೋಟು ನಿನಗೆ ಚೆನ್ನಾಗಿ ಒಪ್ಪುತ್ತದೆ. ಇಂಗ್ಲಿಷನ್ನು ಅವಳೇ ಬಿಡಿಸಿ ಹೇಳಿದಳು: ಈ ಕಂಪ್ಯೂಟರು ಹೊರದೇಶದ ರೋಗಿಗಳನ್ನು ನೋಡಿ ಕಲಿತದ್ದು, ಅಲ್ಲಿಯ ಬಿಳಿಯರಿಗೂ ಕರಿಯರಿಗೂ ಸರಿಯಾಗಿಯೇ ಹೇಳುತ್ತದೆ, ಆದರೆ ನಮ್ಮ ಜನರ ಮೇಲೆ ಇನ್ನೂ ಪರೀಕ್ಷೆಯಾಗಿಲ್ಲ, ಅದನ್ನು ರೋಗಿಗೆ ಮೊದಲೇ ತಿಳಿಸಬೇಕು. ಜನ ಚಪ್ಪಾಳೆ ತಟ್ಟಿದರು.

ಕಂಪ್ಯೂಟರನ್ನು ನಾನು ಬಯ್ಯುವುದಿಲ್ಲ. ಅದು ನಮ್ಮಂಥವರನ್ನು ಕಂಡಿಲ್ಲ, ತಿಳಿದಷ್ಟು ಹೇಳಿತು. ನೀನು ಈ ಮನೆಯಲ್ಲಿ ನನ್ನ ಕೈತುತ್ತು ತಿಂದು ಬೆಳೆದವನು. ಊರವರಿಗೆಲ್ಲ ಹೇಳಿದ ಮಾತನ್ನು ಅಣ್ಣನಿಗೇಕೆ ಹೇಳಲಿಲ್ಲ? ಆಗಲೇ ಆಪರೇಷನ್ ಆಗಿದ್ದರೆ ವಾಸಿಯಾಗುತ್ತಿತ್ತೋ ಇಲ್ಲವೋ, ದೇವರೇ ಬಲ್ಲ. ಯೋಚಿಸಲು ಅವರಿಗೊಂದು ಅವಕಾಶವಾದರೂ ಇರುತ್ತಿತ್ತು. ನಂಬಿಸಿ ಕತ್ತು ಕೊಯ್ದೆಯಲ್ಲೋ! ಭಾಷಣದ ಸಂಗತಿ ಅವರಿಗೆ ನಾವು ಹೇಳಿಲ್ಲ. "ಬೆನ್ನಿಗಿ ಇಳದೈತಿ ಅಂತ ಅಮರೇಶಗ ಹೇಳಬ್ಯಾಡ, ಪಾಪ, ಭಾಳ ನೊಂದ್ಕೋತಾನ" ಎಂದು ನನಗೇ ಬುದ್ಧಿ ಹೇಳುತ್ತಾರೆ.

ನಿನ್ನ ಮನೆಯಾಕೆ ಶೀಲಾಳಿಗೆ ನನ್ನ ಆಶೀರ್ವಾದ. ನಿನಗೆ ಏನು ಬರೆಯಲಿ, ತೋಚುತ್ತಿಲ್ಲ.

ನಿನ್ನ ಅತ್ತಿಗೆ,
ಸುನಂದಾ

ತಾ.ಕ.: ಅಣ್ಣನಿಗೆ ಈ ರೋಗ ಬಂದರೆ ತಮ್ಮನಿಗೂ ಬರುವ ಸಂಭವ ಹೆಚ್ಚು ಎಂದು ಬಳ್ಳಾರಿ ಡಾಕ್ಟರು ಹೇಳಿದರು. ನಿನಗೆ ಗೊತ್ತೇ ಇರುತ್ತದೆ, ಆದರೂ ನೀನು ಪರೀಕ್ಷೆ ಮಾಡಿಸಿಕೊಂಡಿರಲಾರೆ. ಐವತ್ತು ದಾಟಿತು, ನಾಳೆಯೇ ಹೋಗಿ ರಕ್ತ ಕೊಡು. ಏನೇ ಬಂದರೂ ಶೀಲಾಳಿಗೆ ಪೂರ್ತಿ ಹೇಳು.