ಸೆನ್ಸರಿನ ಕಣ್ಣಿಗೊಂದು ಟೇಪ್

ತಮ್ಮಾ,

ಯುದ್ಧ ಟ್ಯಾಂಕಿನೊಳಗೆ ಬೆಂಕಿ ಕಂಡರೆ ಆರಿಸುವ ಪುಡಿ ಎರಚುವ ನಮ್ಮ ಹೊಸ ಸೆನ್ಸರ್ ಇವತ್ತು ಪಾಸಾಯಿತು. ಕಡ್ಡಿ ಗೀರಿದೆವು, ಸುಮ್ಮನಿತ್ತು. ಡೀಸೆಲ್ ಹೊತ್ತಿಸಿದೆವು, ರೆಪ್ಪೆ ಬಡಿಯುವಷ್ಟರಲ್ಲಿ ಆರಿಸಿಬಿಟ್ಟಿತು. ಚಾಲಕನ ಸೀಟಿನಲ್ಲಿದ್ದ ಬೊಂಬೆಯ ತೋಳು ಕೂಡ ಕಪ್ಪಾಗಲಿಲ್ಲ.

ಹಳೆಯ ಸೆನ್ಸರ್ ಮೇಲೆ ನೀನು ಫೋನಿನಲ್ಲಿ ರೇಗಿದ್ದೆ: "ಅಕ್ಕಾ, ನಿನ್ ಸೆನ್ಸರ್‌ಗೆ ತಲೆ ಕೆಟ್ಟಿದೆ. ಒಂದು ಕಡ್ಡಿ ಗೀರಿದ್ದಕ್ಕೆ ಟ್ಯಾಂಕಲ್ಲಿದ್ದ ನಮ್ಮ ಮೂವರಿಗೂ ಸುಣ್ಣ ಬಳೀತು!"

ನಾನು ನಕ್ಕುಬಿಟ್ಟಿದ್ದೆ. "ಸದ್ಯಕ್ಕೆ ಅದರ ಕಣ್ಣಿಗೊಂದು ಟೇಪ್ ಅಂಟಿಸ್ಕೋ, ಮಾರಾಯ. ಸರಿ ಮಾಡಿ ಕೊಡ್ತೀನಿ."

ನೀವು ಮೂವರೂ ತೀರಿಹೋದ ಬೆಂಕಿಯ ವರದಿಯಲ್ಲಿ, ಸೆನ್ಸರ್ ಕೆಲಸ ಮಾಡಿಲ್ಲ, ಕಾರಣ ತಿಳಿದಿಲ್ಲ ಎಂದಿದೆ. ಅಮ್ಮನಿಗೂ ಅಷ್ಟನ್ನೇ ಓದಿ ಹೇಳಿದ್ದೇನೆ.

ಇವತ್ತು ಎಲ್ಲರೂ ಚಪ್ಪಾಳೆ ತಟ್ಟಿದ ಮೇಲೆ, ಬೊಂಬೆಗೆ ಚೀಟಿ ಅಂಟಿಸಲು ಮೆಕ್ಯಾನಿಕ್ ಕೇಳಿದ: "ಮೇಡಂ, ಟೇಪ್ ಇದೆಯಾ?"

ಇಲ್ಲ ಎಂದುಬಿಟ್ಟೆ. ಸುರುಳಿ ನನ್ನ ಕೈಯಲ್ಲೇ ಇತ್ತು.